ಪರದೇಶಕ್ಕೆ ಹೋದ ಮಿಕ್ಸರ್ ಮತ್ತು ಮೂರನೆಯ ಪಿನ್ನು

(ಹಲಗೇರಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಲಗೇರಿಯ ಒಂದು ಮನೆಯ ಮಗಳು ಗಂಡನ ಜೊತೆ ಇಂಗ್ಲೆಂಡಿಗೆ ಹೊರಟಿದ್ದಾಳೆ ಎಂದುಕೊಳ್ಳಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಇದೀಗ ಸೋಜಿಗದ ಸುದ್ದಿಯೇನಲ್ಲ. ವಿಮಾನದವರು ಬಿಡುವ ತೂಕದಲ್ಲಿ ಬಟ್ಟೆಬರೆಗೆ ಸಿಗುವುದು ಅರ್ಧ. ಉಳಿದರ್ಧಕ್ಕೆ ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ. ಕೊನೆಗೆ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಒಂದು ಮಿಕ್ಸರ್. ಅಲ್ಲಿ ಮಿಕ್ಸರ್ ಸಿಗುವುದಿಲ್ಲವೆಂದಲ್ಲ. ಹಣ್ಣಿನ ರಸಕ್ಕೆ, ಹಾಲು ಕಡೆಯಲಿಕ್ಕೆ ಅಲ್ಲಿಯದು ಸಾಕು. ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ರಂಜಕ ಅರೆಯುವ ಕೆಲಸ ಅದರಿಂದ ಆಗುವುದಿಲ್ಲ.

ವಾರದೊಳಗೆ ಫೋನು ಬರುತ್ತದೆ. "ಯವ್ವಾ, ಮಿಕ್ಸರಿನ ಪಿನ್ನು ಇಲ್ಲಿ ಗ್ವಾಡಿ ಬೋರ್ಡಿನೊಳಗ ಹೋಗವಲ್ದು. ಇವ್ರು ಕತ್ತರಿಸಿ ಬ್ಯಾರೇದು ಹಾಕ್ತೀನಿ ಅನ್ನಾಕತ್ತಾರ." ತಾಯಿಯ ಉತ್ತರವೂ ಗೊತ್ತಿರುವುದೇ: "ಕರೆಂಟಿನ ಜೋಡಿ ಆಟ ಬ್ಯಾಡವ್ವಾ, ಬಲ್ಲವ್ರ ಕಡೆ ಹಾಕಿಸ್ರಿ."

ತಾಯಿಯ ಮಾತು ತಪ್ಪಲ್ಲ. ಆದರೆ ಪಿನ್ನು ಯಾಕೆ ಹೋಗುವುದಿಲ್ಲ, ಹೋಗುವಂತೆ ಮಾಡಿದರೆ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಆ ಅಂಜಿಕೆಗೆ ಒಂದು ಅರ್ಥ ಬರುತ್ತದೆ.

ಇದರಲ್ಲೊಂದು ತಮಾಷೆಯಿದೆ. ನಮ್ಮ ಗೋಡೆಗಳಲ್ಲಿರುವ ಮೂರು ದುಂಡು ತೂತಿನ ಸಾಕೆಟ್ಟು ಇಂಗ್ಲೆಂಡಿನದೇ. 1934ರಲ್ಲಿ ಅಲ್ಲಿ ಪ್ರಕಟವಾದ ಬಿಎಸ್ 546 ಎಂಬ ಮಾನಕದಲ್ಲಿ ಚಿಕ್ಕ ಪಿನ್ನಿನ 5 ಆಂಪಿಯರ್ ಪ್ಲಗ್ಗೂ ದಪ್ಪ ಪಿನ್ನಿನ 15 ಆಂಪಿಯರ್ ಪ್ಲಗ್ಗೂ ಇದ್ದವು. ನಮ್ಮ ಜನ ಇಂದಿಗೂ ಲೈಟ್ ಪ್ಲಗ್ಗು, ಪವರ್ ಪ್ಲಗ್ಗು ಎಂದು ಕರೆಯುವುದು ಇವನ್ನೇ. ಭಾರತದ ಮಾನಕ ಐಎಸ್ 1293ರಲ್ಲಿ ಇವು 6 ಮತ್ತು 16 ಆಂಪಿಯರಿನವಾಗಿವೆ, ವಂಶ ಮಾತ್ರ ಅದೇ.

ಕೊಟ್ಟವರು ತಾವೇ ಅದನ್ನು ಕೈಬಿಟ್ಟರು. ಎರಡನೆಯ ಮಹಾಯುದ್ಧದ ನಡುವೆ, ಬಾಂಬಿನಿಂದ ನೆಲಸಮವಾದ ಮನೆಗಳನ್ನು ಮುಂದೆ ಹೇಗೆ ಕಟ್ಟಬೇಕೆಂದು ಯೋಚಿಸಲು ಬ್ರಿಟಿಷ್ ಸರ್ಕಾರ ಸಮಿತಿಗಳನ್ನು ಕೂರಿಸಿತ್ತು. ಅವುಗಳಲ್ಲಿ ವಿದ್ಯುತ್ ಸಮಿತಿಯೂ ಒಂದು. ಅದರಲ್ಲಿದ್ದ ಏಕೈಕ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್, ಎಳೆಯ ಮಕ್ಕಳು ತೂತಿಗೆ ಏನನ್ನಾದರೂ ತುರುಕದಂತೆ ಒಳಗೆ ಮುಚ್ಚಳವಿರಬೇಕೆಂದು ಒತ್ತಾಯಿಸಿದರು. ಸಮಿತಿಯ ವರದಿ 1944ರಲ್ಲಿ ಬಂತು. 1947ರಲ್ಲಿ ಬಿಎಸ್ 1363 ಎಂಬ ಹೊಸ ಮಾನಕ ಹೊರಬಿತ್ತು: ಚಪ್ಪಟೆ, ಆಯತಾಕಾರದ ಮೂರು ಪಿನ್ನು, 13 ಆಂಪಿಯರ್, ಪ್ಲಗ್ಗಿನ ಹೊಟ್ಟೆಯಲ್ಲೇ ಒಂದು ಫ್ಯೂಸು. ಅವರು ಇಲ್ಲಿಂದ ಗಂಟುಮೂಟೆ ಕಟ್ಟಿದ ವರ್ಷವೇ ಅವರ ಪ್ಲಗ್ಗಿನ ದಾರಿಯೂ ನಮ್ಮದರಿಂದ ಬೇರೆಯಾಯಿತು. ಲಂಡನ್ನಿನ ನಾಟಕಮಂದಿರಗಳಲ್ಲಿ ರಂಗದ ದೀಪಗಳಿಗೆ ಮಾತ್ರ ಆ ಹಳೆಯ 15 ಆಂಪಿಯರ್ ದುಂಡು ಪಿನ್ನು ಇನ್ನೂ ಉಳಿದುಕೊಂಡಿದೆ. ಹಲಗೇರಿಯ ಮಗಳು ತನ್ನೂರಿನ ಪವರ್ ಪ್ಲಗ್ಗನ್ನು ಅಲ್ಲಿ ನೋಡಬೇಕೆಂದರೆ ನಾಟಕಕ್ಕೆ ಹೋಗಬೇಕು.

ಪ್ಲಗ್ಗಿನೊಳಗೆ ಫ್ಯೂಸು ಯಾಕೆ ಬಂತೆಂಬುದನ್ನೂ ಹೇಳಬೇಕು. ತಾಮ್ರದ ಅಭಾವದ ಕಾಲವದು. ಒಂದೊಂದು ಸಾಕೆಟ್ಟಿಗೂ ಪ್ರತ್ಯೇಕ ತಂತಿ ಎಳೆಯುವ ಬದಲು, ಒಂದೇ ತಂತಿಯನ್ನು ಬಳೆಯಂತೆ ಮನೆಯ ಸುತ್ತ ತಿರುಗಿಸಿ ಹೊರಟಲ್ಲಿಗೇ ತಂದು ಮುಟ್ಟಿಸುವ ಪದ್ಧತಿಯನ್ನು ಅವರು ಹಿಡಿದರು. ಆ ಬಳೆಯನ್ನು ಕಾಯುವ ದೊಡ್ಡ ಫ್ಯೂಸು 30 ಆಂಪಿಯರಿನದು. ರೇಡಿಯೊದ ಸಣ್ಣ ವೈರು ಸುಟ್ಟು ಕರಕಲಾದರೂ ಅದಕ್ಕೆ ಸುಳಿವೇ ಹತ್ತದು. ಆದ್ದರಿಂದ ಪ್ರತಿ ಉಪಕರಣಕ್ಕೂ ಅದರದೇ ಕಾವಲುಗಾರ ಬೇಕಾಯಿತು. 700 ವ್ಯಾಟಿನೊಳಗಿನ ಉಪಕರಣಕ್ಕೆ ಸಾಮಾನ್ಯವಾಗಿ 3 ಆಂಪಿಯರ್, ಅದಕ್ಕಿಂತ ದೊಡ್ಡದಕ್ಕೆ 13 ಆಂಪಿಯರ್ ಫ್ಯೂಸು. 750 ವ್ಯಾಟಿನ ಮಿಕ್ಸರು 230 ವೋಲ್ಟಿನಲ್ಲಿ 3 ಆಂಪಿಯರಿಗಿಂತ ತುಸು ಹೆಚ್ಚೇ ಎಳೆಯುತ್ತದೆ. 3ರ ಫ್ಯೂಸು ಹಾಕಿದರೆ ರಂಜಕ ಅರ್ಧ ಅರೆಯುವಷ್ಟರಲ್ಲಿ ಹಾರಿಹೋಗಬಹುದು. ಹಾಗೆಂದು ಟೇಬಲ್ ಲ್ಯಾಂಪಿಗೂ 13ರದನ್ನೇ ತುರುಕುವುದು ಇನ್ನೂ ದೊಡ್ಡ ತಪ್ಪು.

ಇನ್ನು ಕತ್ತರಿಸಿ ಜೋಡಿಸುವ ಮಾತು. ಇಂಗ್ಲೆಂಡಿನಲ್ಲಿ ಬಹುಕಾಲ ಇದು ಮನೆಮನೆಯ ಕೆಲಸವಾಗಿತ್ತು. ಇಸ್ತ್ರಿಪೆಟ್ಟಿಗೆ ಕೊಂಡರೆ ಅದರ ವೈರಿನ ತುದಿ ಬೋಳಾಗಿರುತ್ತಿತ್ತು; ಪ್ಲಗ್ಗು ಬೇರೆ ಕೊಂಡು ತಾವೇ ಹಾಕಿಕೊಳ್ಳಬೇಕಿತ್ತು. ಮನೆಬಳಕೆಯ ಉಪಕರಣಗಳನ್ನು ಪ್ಲಗ್ಗಿನೊಂದಿಗೇ ಮಾರಬೇಕೆಂಬ ನಿಯಮ ಬಂದದ್ದು 1994ರಲ್ಲಿ. ಹಾಗಾಗಿ ಅಲ್ಲಿಯ ಹಳಬರಿಗೆ ಗೊತ್ತಿರುವ ವಿದ್ಯೆ ಹೊಸಬರಿಗೆ ಗೊತ್ತಿಲ್ಲ. ನಮ್ಮಲ್ಲಿ ಹಾಗಲ್ಲ. ಓಣಿಗೊಬ್ಬ ಹುಡುಗ ಟೆಸ್ಟರ್ ಕಿಸೆಗಿಟ್ಟುಕೊಂಡು ತಿರುಗುತ್ತಾನೆ.

ವೈರಿನ ಸಿಪ್ಪೆ ಸುಲಿದರೆ ಒಳಗೆ ಮೂರು ಬಣ್ಣ. ಅಪಾಯ ಕೂತಿರುವುದು ಇಲ್ಲಿ. ನಮ್ಮ ಮನೆಗಳ ವೈರಿಂಗಿನಲ್ಲಿ ಕೆಂಪು ಅಂದರೆ ಫೇಸು, ಕಪ್ಪು ಅಂದರೆ ನ್ಯೂಟ್ರಲ್, ಹಸಿರು ಅಂದರೆ ಅರ್ಥಿಂಗ್ ಎಂದು ರೂಢಿ. ಅಮೆರಿಕದಲ್ಲಿ ಕಪ್ಪೇ ಫೇಸು, ಬಿಳಿಯದು ನ್ಯೂಟ್ರಲ್. ಹಾವೇರಿಯಲ್ಲಿ ಹತ್ತು ವರ್ಷ ವೈರಿಂಗ್ ಮಾಡಿದ ಕೈ ಅಲ್ಲಿ ಹೋಗಿ ಕಪ್ಪು ತಂತಿಯನ್ನು ನಂಬಿ ಮುಟ್ಟಿದರೆ, ಅನುಭವವೇ ಮುಳುವಾಗುತ್ತದೆ. ಜರ್ಮನಿಯಲ್ಲಂತೂ ಹಿಂದೆ ಕೆಂಪು ತಂತಿ ಅರ್ಥಿಂಗಿನದಾಗಿತ್ತು. ಬ್ರಿಟನ್ನಿನಲ್ಲಿ ಅದೇ ಕೆಂಪು ಜೀವ ತೆಗೆಯುವ ಫೇಸು. ಒಂದು ದೇಶದ ಉಪಕರಣ ಇನ್ನೊಂದಕ್ಕೆ ಹೋದರೆ ಅದರ ಲೋಹದ ಮೈಗೇ ಫೇಸು ಕಟ್ಟಿದಂತೆ ಆಗುತ್ತಿತ್ತು.

ಈ ಗೊಂದಲ ಕಳೆಯಲು ಉಪಕರಣಗಳ ವೈರಿಗೆ ಎಲ್ಲರಿಗೂ ಹೊಸದಾದ ಬಣ್ಣಗಳನ್ನು ಆರಿಸಲಾಯಿತು. ಕಂದು ಫೇಸು, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟಿಯದು ಅರ್ಥಿಂಗ್. ಕೆಂಪು-ಹಸಿರುಗಳ ಭೇದ ಕಾಣದ ಬಣ್ಣಗುರುಡು ಇರುವವರಿಗೂ ಪಟ್ಟಿ ಕಾಣುತ್ತದೆ. ಇಂದು ಭಾರತದಲ್ಲಿ ಕೊಂಡ ಹೊಸ ಮಿಕ್ಸರಿನಲ್ಲೂ ಸಾಮಾನ್ಯವಾಗಿ ಈ ಬಣ್ಣಗಳೇ ಇರುತ್ತವೆ. ಅತ್ತೆಯ ಕಾಲದ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಒಯ್ದಿದ್ದರೆ ಮಾತ್ರ ಕೆಂಪು-ಕಪ್ಪು-ಹಸಿರು ಸಿಕ್ಕೀತು.

ಬ್ರಿಟಿಷ್ ಪ್ಲಗ್ಗನ್ನು ಬಿಚ್ಚಿದರೆ ಫ್ಯೂಸು ಕೂತ ಬದಿಗೆ ಕಂದು, ಎದುರು ಬದಿಗೆ ನೀಲಿ, ಮೇಲಿನ ಉದ್ದ ಪಿನ್ನಿಗೆ ಹಸಿರು-ಹಳದಿ. ತಾಮ್ರದ ಎಳೆಗಳನ್ನು ಹುರಿಮಾಡಿ ಸ್ಕ್ರೂ ಬಿಗಿಯಬೇಕು. ಒಂದೆಳೆಯೂ ಹೊರಗೆ ಚಾಚಿರಬಾರದು. ಹೊರಗಿನ ದಪ್ಪ ಸಿಪ್ಪೆ ಪ್ಲಗ್ಗಿನೊಳಗಿನ ಹಿಡಿತದ ಅಡಿ ಕೂರಬೇಕು, ಇಲ್ಲವಾದರೆ ಎಳೆದಾಗಲೆಲ್ಲ ಭಾರ ಸ್ಕ್ರೂಗಳ ಮೇಲೆ ಬೀಳುತ್ತದೆ. ಅರ್ಥಿಂಗಿನ ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದ, ಸಡಿಲ ಬಿಡಬೇಕು. ಯಾರೋ ಎಡವಿ ವೈರು ಕಿತ್ತರೆ ಫೇಸು ಮೊದಲು ಕಳಚಿ, ಅರ್ಥಿಂಗ್ ಕೊನೆಗೆ ಕಳಚಲಿ ಎಂದು.

ಆ ಮೂರನೆಯ ಪಿನ್ನಿನ ಬಗ್ಗೆ ನಮ್ಮ ಕಡೆ ಇರುವಷ್ಟು ತಾತ್ಸಾರ ಬೇರಾವುದರ ಬಗ್ಗೆಯೂ ಇಲ್ಲ. "ಅದಿಲ್ಲದಿದ್ರೂ ನಡಿತೈತ್ರಿ" ಎಂಬ ಮಾತು ಕೇಳದವರಾರು? ನಡೆಯುತ್ತದೆ, ನಿಜ. ಅರ್ಥಿಂಗ್ ಇರುವುದು ಉಪಕರಣ ನಡೆಸಲಿಕ್ಕಲ್ಲ. ಇಸ್ತ್ರಿಪೆಟ್ಟಿಗೆಯ ಒಳಗೆ ಫೇಸಿನ ತಂತಿ ಸವೆದು ಲೋಹದ ಮೈಗೆ ತಗುಲಿತೆನ್ನಿ. ಅರ್ಥಿಂಗ್ ಸರಿ ಇದ್ದರೆ ಕರೆಂಟು ಆ ಹಸಿರು ತಂತಿಯಲ್ಲಿ ಒಮ್ಮೆಲೇ ನುಗ್ಗಿ ಫ್ಯೂಸು ಹಾರುತ್ತದೆ. ಇಲ್ಲದಿದ್ದರೆ ಏನೂ ಆಗುವುದಿಲ್ಲ. ಪೆಟ್ಟಿಗೆ ಬಿಸಿಯಾಗುತ್ತಲೇ ಇರುತ್ತದೆ, ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತವರೊಬ್ಬರು ಮುಟ್ಟುವವರೆಗೆ. ಮೂರನೆಯ ಪಿನ್ನು ಉದ್ದವಿರುವುದು ಅದು ಎಲ್ಲಕ್ಕಿಂತ ಮೊದಲು ಸೇರಿ ಕೊನೆಗೆ ಬಿಡಲೆಂದು. ನಮ್ಮ ದುಂಡು ಪ್ಲಗ್ಗಿನಲ್ಲಿ ಅದು ದಪ್ಪವೂ ಇರುವುದು, ತಪ್ಪಿಯೂ ಫೇಸಿನ ತೂತಿಗೆ ಹೋಗಬಾರದೆಂದು. ಇಲ್ಲಿ ಎಷ್ಟೋ ಹಳೆಯ ಮನೆಗಳ ಬೋರ್ಡಿನಲ್ಲಿ ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಇದ್ದಲ್ಲೂ, ಉಪ್ಪು-ಇದ್ದಲಿ ಹಾಕಿ ಮುಚ್ಚಿದ ಅರ್ಥಿಂಗಿನ ಕುಣಿ ಬೇಸಿಗೆಯಲ್ಲಿ ಎರೆನೆಲದಂತೆಯೇ ಒಣಗಿ ಬಾಯಿಬಿಡುತ್ತದೆ. ಅದಕ್ಕೊಂದು ಕೊಡ ನೀರು ಹಾಕಬೇಕೆಂಬ ನೆನಪು ಯಾರಿಗಿದೆ?

ಈ ರೂಢಿಯನ್ನು ಕಟ್ಟಿಕೊಂಡು ಹೋದವರು ಅಲ್ಲಿ ಅಗ್ಗದ ಅಡಾಪ್ಟರ್ ಕೊಳ್ಳುತ್ತಾರೆ. ಎಲ್ಲ ದೇಶದ ಪಿನ್ನೂ ಹಿಡಿಯುವ ಪ್ರಯಾಣದ ಅಡಾಪ್ಟರುಗಳಲ್ಲಿ ಹಲವಕ್ಕೆ ಅರ್ಥಿಂಗ್ ಸಂಪರ್ಕವೇ ಇಲ್ಲ. ನಮ್ಮ ಪ್ಲಗ್ಗಿನ ಮೂರನೆಯ ಪಿನ್ನು ಅದರ ಖಾಲಿ ತೂತಿಗೆ ಹೋಗಿ ಸುಮ್ಮನೆ ಕೂರುತ್ತದೆ. ಫೋನಿನ ಚಾರ್ಜರಿಗೆ, ಕಂಪ್ಯೂಟರಿಗೆ ಅಡಾಪ್ಟರ್ ಸಾಲಬಹುದು. ಅವುಗಳ ಮೇಲೆ 100-240 ವೋಲ್ಟ್, 50/60 ಹರ್ಟ್ಝ್ ಎಂದು ಅಚ್ಚಾಗಿರುತ್ತದೆ. ಇಸ್ತ್ರಿಪೆಟ್ಟಿಗೆ, ಮಿಕ್ಸರುಗಳಿಗೆ ಅಲ್ಲಿಯದೇ ಪ್ಲಗ್ಗು ಹಾಕಿಸುವುದೇ ಲೇಸು. ಚೌಕದೊಳಗೊಂದು ಚೌಕದ ಗುರುತಿದ್ದರೆ ಮಾತ್ರ ಅದು ಎರಡು ಪದರ ಹೊದಿಕೆಯ ಉಪಕರಣ. ಅದಕ್ಕೆ ಅರ್ಥಿಂಗ್ ಬೇಡ, ವೈರಿನಲ್ಲೂ ಎರಡೇ ಎಳೆ.

ಇಂಗ್ಲೆಂಡಿನ ಮಾತು ಸುಲಭ. ದುಬೈ, ಕುವೈತ್, ಕತಾರ್, ಒಮಾನುಗಳಿಗೆ ಹೋದವರದೂ ಅಷ್ಟೆ. ಅಲ್ಲಿಯೂ ಬ್ರಿಟಿಷ್ ಚಪ್ಪಟೆ ಪಿನ್ನು, ವೋಲ್ಟೇಜು ನಮ್ಮ ಹತ್ತಿರದ್ದೇ. ಅಮೆರಿಕಕ್ಕೆ ಹೋದರೆ ಪ್ಲಗ್ಗು ಬದಲಿಸಿ ಪ್ರಯೋಜನವಿಲ್ಲ. ಅಲ್ಲಿಯ ಗೋಡೆಯಲ್ಲಿ 120 ವೋಲ್ಟ್, ಸೆಕೆಂಡಿಗೆ 60 ಆವರ್ತ. ನಮ್ಮಲ್ಲಿ 230 ವೋಲ್ಟ್, 50 ಆವರ್ತ. ವೋಲ್ಟೇಜು ಅರ್ಧಕ್ಕಿಳಿದರೆ ಕಾಯಿಸುವ ಉಪಕರಣದ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ನಮ್ಮ ಇಸ್ತ್ರಿಪೆಟ್ಟಿಗೆ ಅಲ್ಲಿ ಬೆಚ್ಚಗಾಗುತ್ತದೆ, ಇಸ್ತ್ರಿ ಆಗುವುದಿಲ್ಲ. ಮಿಕ್ಸರು ನಡೆಯಬೇಕಾದರೆ ವೋಲ್ಟೇಜು ಏರಿಸುವ, ಇಟ್ಟಂಗಿಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಬೇಕು. ಅದೂ ಮಿಕ್ಸರಿನ ವ್ಯಾಟಿಗಿಂತ ಸಾಕಷ್ಟು ಹೆಚ್ಚಿನದು. ಆವರ್ತದ ಚಿಂತೆ ಮಿಕ್ಸರಿಗಿಲ್ಲ, ಅದರ ಮೋಟಾರು ಅಂಥದು. ದೋಸೆ ಹಿಟ್ಟಿನ ಗ್ರೈಂಡರಿನ ಮೋಟಾರು ಬೇರೆ ಜಾತಿಯದು. ವೋಲ್ಟೇಜು ಸರಿಮಾಡಿ ಕೊಟ್ಟರೂ 60 ಆವರ್ತದಲ್ಲಿ ಅದು ಐದನೆಯ ಒಂದು ಭಾಗದಷ್ಟು ಹೆಚ್ಚು ಜೋರಾಗಿ ತಿರುಗುತ್ತದೆ. ಈ ತೊಂದರೆ ಕಂಡೇ ಭಾರತದ ಕಂಪನಿಗಳು 110 ವೋಲ್ಟಿನ ಮಿಕ್ಸರುಗಳನ್ನು ಪರದೇಶದವರಿಗೆಂದು ಮಾಡಿ ಮಾರುತ್ತವೆ.

ಆವರ್ತದ ಭೇದ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ಹರಿದ ವಿದ್ಯುತ್ತು 25 ಆವರ್ತದ್ದು. 1948ರಲ್ಲಿ ಜೋಗದಲ್ಲಿ ಶುರುವಾದದ್ದು 50ರದು. ಜಪಾನಿನಲ್ಲಿ ಇಂದಿಗೂ ಪೂರ್ವಕ್ಕೆ 50, ಪಶ್ಚಿಮಕ್ಕೆ 60.

ಮಿಕ್ಸರಿನ ಕಥೆಯೇ ಪರದೇಶದ ಉಪಕರಣ ಕೈಕೊಟ್ಟದ್ದರಿಂದ ಶುರುವಾಯಿತೆನ್ನಬೇಕು. ಮುಂಬಯಿಯಲ್ಲಿ ಮಾಧುರಿ ಮಾಥುರ್ ಅವರ ಮನೆಯ ಜರ್ಮನ್ ಮಿಕ್ಸರು ನಮ್ಮ ಅಡಿಗೆಯ ಭಾರ ತಾಳದೆ ಸುಟ್ಟುಹೋಯಿತು. ಅವರ ಪತಿ ಸತ್ಯಪ್ರಕಾಶ ಮಾಥುರ್ ಸೀಮೆನ್ಸ್‌ನಲ್ಲಿ ಎಂಜಿನಿಯರು. ಅರಿಸಿನದ ಕೊಂಬನ್ನೂ ಪುಡಿಮಾಡಬಲ್ಲ ಮೋಟಾರಿನ ಹುಡುಕಾಟದಲ್ಲಿ 1963ರಲ್ಲಿ ಹುಟ್ಟಿದ್ದು ಸುಮೀತ್ ಮಿಕ್ಸರು. ಅಲ್ಲಿಂದ ಬಂದದ್ದು ಇಲ್ಲಿ ಸುಟ್ಟಿತು. ಇಲ್ಲಿಯದು ಈಗ ಅಲ್ಲಿಗೆ ಹೊರಟಿದೆ.

ಮರಳಿ ಬರುವ ದಾರಿ ಇನ್ನೂ ಅಪಾಯದ್ದು. ಅಮೆರಿಕದಿಂದ ರಜೆಗೆ ಬಂದ ಮಗ ಅವ್ವನಿಗೆಂದು ತಂದ 120 ವೋಲ್ಟಿನ ಅನ್ನದ ಕುಕ್ಕರಿಗೆ, ಓಣಿಯ ಹುಡುಗ ಎರಡು ನಿಮಿಷದಲ್ಲಿ ನಮ್ಮ ಪ್ಲಗ್ಗು ಕೂರಿಸಿ ಸ್ವಿಚ್ ಒತ್ತಿದರೆ, ಅದು ಎಳೆಯುವುದು ನಿಗದಿಯ ಸುಮಾರು ನಾಲ್ಕು ಪಟ್ಟು ಶಕ್ತಿ. ಸುಟ್ಟ ವಾಸನೆ ಬರುವುದಕ್ಕೂ ಹೊತ್ತು ಹಿಡಿಯುವುದಿಲ್ಲ. ಅದರ ಮೊದಲಿನ ಚಪ್ಪಟೆ ಪಿನ್ನು ನಮ್ಮ ದುಂಡು ತೂತಿಗೆ ಹೋಗಲೊಲ್ಲೆನೆಂದು ಹಟ ಹಿಡಿದದ್ದು ಇದಕ್ಕೇ. ಕತ್ತರಿಸುವ ಮೊದಲು ಉಪಕರಣದ ತಳದಲ್ಲಿ ಅಂಟಿಸಿದ ಚೀಟಿಯ ವೋಲ್ಟೇಜು ಓದಬೇಕು. ಕತ್ತರಿಸಿದ ಮೇಲೆ ತಡೆಯುವವರು ಯಾರೂ ಇರುವುದಿಲ್ಲ.

ಆ ಇಂಗ್ಲೆಂಡಿನ ಮನೆಗೆ ಮರಳೋಣ. ಹೊಸ ಪ್ಲಗ್ಗು ಕೂತಿತು, ಮಿಕ್ಸರು ತಿರುಗಿತು, ಖಾರದ ಘಾಟಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಅಡಿಗೆಮನೆಯ ಕಟ್ಟೆಯ ಮೇಲೆ ಕತ್ತರಿಸಿ ಬಿಟ್ಟ ಹಳೆಯ ಪ್ಲಗ್ಗು ಬಿದ್ದಿದೆ, ಗೇಣುದ್ದ ವೈರಿನ ಬಾಲದೊಂದಿಗೆ. ಅಲ್ಲಿಯ ಬೋರ್ಡಿಗೆ ಅದು ಹೋಗದು, ನಿಜ. ಆದರೆ ಅಗ್ಗದ ಅಡಾಪ್ಟರು ಇನ್ನೂ ಗೋಡೆಯಲ್ಲೇ ಇದೆ. ಮಗುವೊಂದು ಆಟಕ್ಕೆಂದು ಅದರಲ್ಲಿ ಸಿಕ್ಕಿಸಿದರೆ ಆ ಬಾಲದ ಬೋಳು ತುದಿಯಲ್ಲಿ 230 ವೋಲ್ಟು ನಿಂತಿರುತ್ತದೆ. ಬಾಲವನ್ನು ಬುಡಕ್ಕೆ ಕತ್ತರಿಸಿ, ಪಿನ್ನುಗಳನ್ನು ಇಕ್ಕಳದಲ್ಲಿ ಸೊಟ್ಟಗೆ ಬಗ್ಗಿಸಿ, ಅಂದೇ ಕಸಕ್ಕೆ ಹಾಕಬೇಕು. ಫೋನಿಡುವ ಮುಂಚೆ ಅವ್ವ ಕೇಳಬೇಕಾದದ್ದು ಅದನ್ನೇ: "ಹಳೇ ಪಿನ್ನು ಏನ್ ಮಾಡಿದ್ರವ್ವಾ?"