ಅನಾಥ ಶ್ವಾನಗಳ ವಿಮಾನಯಾನ



ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿರುವ ಜಾರ್ಜಿಯಾ, ಅಲಬಾಮಾ, ಟೆನೆಸೀ, ದಕ್ಷಿಣ ಕ್ಯಾರೊಲೈನಾ ಮೊದಲಾದ ರಾಜ್ಯಗಳಲ್ಲಿ ಬಿಡಾಡಿ ನಾಯಿಗಳನ್ನಿರಿಸುವ ಆಶ್ರಯಧಾಮಗಳು ವರ್ಷದ ಬಹುಭಾಗ ತುಂಬಿ ತುಳುಕುತ್ತಿರುತ್ತವೆ. ಅದೇ ದೇಶದ ಈಶಾನ್ಯ ಮೂಲೆಯ ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಷೈರ್, ಮೇನ್ ಮುಂತಾದ ಕಡೆಗಳಲ್ಲಾದರೋ, ಮಕ್ಕಳ ಹಟಕ್ಕೆ ಮಣಿದು ನಾಯಿಮರಿಯೊಂದನ್ನು ತರೋಣವೆಂದು ಆಶ್ರಯಧಾಮಕ್ಕೆ ಹೋದ ಸಂಸಾರವು ಹೆಸರು ಬರೆಸಿ ಸರದಿ ಕಾಯಬೇಕಾದೀತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ನಮ್ಮ ಗಾದೆಯಂತೆಯೇ ಆಯಿತು. ನಡುವಣ ದೂರ ಅಟ್ಲಾಂಟಾದಿಂದ ಬಾಸ್ಟನ್ನಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 1,500 ಕಿಲೋಮೀಟರು. ಈ ದೂರವನ್ನು ತಮ್ಮ ಪುಟ್ಟ ವಿಮಾನಗಳಲ್ಲಿ, ತಮ್ಮದೇ ವೆಚ್ಚದಲ್ಲಿ, ಪ್ರತಿಫಲವನ್ನಪೇಕ್ಷಿಸದೆ ಆ ನಾಯಿಗಳಿಗೆ ದಾಟಿಸುತ್ತಿರುವ ಹವ್ಯಾಸಿ ವಿಮಾನಚಾಲಕರ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ನಿವೇದಿಸಬೇಕೆಂದಿದ್ದೇನೆ.

ಒಂದೇ ದೇಶದೊಳಗೆ ಇಂಥ ಅಸಮತೋಲವೇಕೆ ಎಂದು ಕೇಳುವುದು ಸಹಜ. ದಕ್ಷಿಣದಲ್ಲಿ ಚಳಿಗಾಲ ಸೌಮ್ಯವಾದುದರಿಂದ ಬೀದಿಯಲ್ಲಿ ಹುಟ್ಟಿದ ಮರಿಗಳು ಬದುಕಿ ಉಳಿಯುತ್ತವೆ. ಹಳ್ಳಿಗಾಡಿನಲ್ಲಿ ನಾಯಿಯನ್ನು ಕಟ್ಟಿಹಾಕದೆ ಬಿಟ್ಟು ಸಾಕುವ ಪದ್ಧತಿ ಬಲವಾಗಿದೆ. ಪಶುವೈದ್ಯರು ದೂರ, ಸಂತಾನಹರಣ ಶಸ್ತ್ರಚಿಕಿತ್ಸೆ ದುಬಾರಿ. ಹೆಣ್ಣುನಾಯಿಯ ಗರ್ಭಧಾರಣೆಯ ಅವಧಿ ಕೇವಲ 63 ದಿನಗಳೆಂಬುದನ್ನೂ, ಅದು ವರ್ಷಕ್ಕೆ ಎರಡು ಬಾರಿ ಬೆದೆಗೆ ಬರಬಲ್ಲುದೆಂಬುದನ್ನೂ ನೆನೆದರೆ, ಈ ವೃದ್ಧಿ ಎಲ್ಲಿಗೆ ಮುಟ್ಟೀತೆಂದು ಊಹಿಸುವುದು ಕಷ್ಟವಲ್ಲ. ಈಶಾನ್ಯದ ರಾಜ್ಯಗಳಲ್ಲಿ ದಶಕಗಳ ಕಾಲ ಸಂತಾನಹರಣವನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದುದರ ಫಲವಾಗಿ ಅಲ್ಲಿ ಬೇಡದ ಮರಿಗಳೆಂಬುವೇ ಅಪರೂಪವಾಗಿವೆ.

ದಕ್ಷಿಣದ ಆಶ್ರಯಧಾಮದೊಳಗೆ ಒಂದು ನಾಯಿ ಬಂದು ಸೇರಿತೆನ್ನಿ. ಒಡೆಯನು ಹುಡುಕಿಕೊಂಡು ಬಂದಾನೆಂದು ಅದನ್ನು ಕೆಲವು ದಿನ, ಹಲವು ರಾಜ್ಯಗಳಲ್ಲಿ ಮೂರರಿಂದ ಐದು ದಿನ, ಇರಿಸಿಕೊಳ್ಳಬೇಕೆಂದು ಕಾನೂನಿದೆ. ಆ ಗಡುವು ಕಳೆದ ಮೇಲೆ, ಗೂಡುಗಳು ತುಂಬಿದ್ದು ಹೊರಗಿನಿಂದ ಇನ್ನಷ್ಟು ನಾಯಿಗಳು ಬರುತ್ತಲೇ ಇದ್ದರೆ, ಪೆಂಟೊಬಾರ್ಬಿಟಾಲ್ ಎಂಬ ಔಷಧವನ್ನು ಸೂಜಿಯಿಂದ ಚುಚ್ಚಿ ಅದನ್ನು ಕೊಲ್ಲುತ್ತಾರೆ. ಅದು ರೋಗಿಯಾಗಿರಬೇಕೆಂದಿಲ್ಲ, ಕಚ್ಚುವ ಸ್ವಭಾವದ್ದಾಗಿರಬೇಕೆಂದೂ ಇಲ್ಲ. ಸ್ಥಳವಿಲ್ಲವೆಂಬ ಒಂದೇ ಕಾರಣ ಸಾಕು. ಈ ಕೆಲಸವನ್ನು ಮಾಡಬೇಕಾದವರು ಬಹುಮಟ್ಟಿಗೆ ಪ್ರಾಣಿಗಳ ಮೇಲಿನ ಪ್ರೀತಿಯಿಂದಲೇ ಆ ಉದ್ಯೋಗವನ್ನು ಹಿಡಿದವರೆಂಬುದನ್ನು ನಾವು ಮರೆಯಲಾಗದು.

2008ರಲ್ಲಿ ದಕ್ಷಿಣ ಕ್ಯಾರೊಲೈನಾದ ಡೆಬಿ ಬೋಯಿಸ್ ಎಂಬ ಮಹಿಳೆ, ಫ್ಲಾರಿಡಾದಲ್ಲಿ ಸಂಕಷ್ಟಕ್ಕೊಳಗಾಗಿದ್ದ ಡೋಬರ್‌ಮನ್ ನಾಯಿಯೊಂದನ್ನು ತಮ್ಮ ಮನೆಗೆ ತರಿಸಿಕೊಳ್ಳಲು ದಾರಿ ಹುಡುಕುತ್ತಿದ್ದಾಗ, ಸ್ವಂತ ವಿಮಾನವಿದ್ದ ಜಾನ್ ವೆರೆನ್‌ಬರ್ಗ್ ಎಂಬ ಮಿತ್ರರು, ತಾವೇ ಹಾರಿಹೋಗಿ ತಂದುಕೊಡುವುದಾಗಿ ಮುಂದೆ ಬಂದರು. ನಾಯಿ ಬಂದಿತು. ಇಂಥ ಸಾಗಣೆಯ ಅಗತ್ಯ ಎಷ್ಟೆಂಬುದನ್ನು ಆಕೆಯಿಂದ ಕೇಳಿ ತಿಳಿದ ವೆರೆನ್‌ಬರ್ಗರು, ತಮ್ಮಂಥ ಚಾಲಕರು ದೇಶದ ತುಂಬ ಇರುವಾಗ ಈ ಕಾರ್ಯವನ್ನು ವ್ಯವಸ್ಥೆಗೊಳಿಸಬಾರದೇಕೆಂದು ಯೋಚಿಸಿದರು. ಇಬ್ಬರೂ ಕೂಡಿ ‘ಪೈಲಟ್ಸ್ ಎನ್ ಪಾಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇಂದು ಅದರ ಪಟ್ಟಿಯಲ್ಲಿ ಸಾವಿರಾರು ಚಾಲಕರ ಹೆಸರುಗಳಿವೆ. ಸಂಸ್ಥೆಗೆ ತನ್ನದೆಂಬ ವಿಮಾನವೂ ಇಲ್ಲ, ನಾಯಿಮನೆಯೂ ಇಲ್ಲ. ಇಂಥ ಊರಿನಿಂದ ಇಂಥ ಊರಿಗೆ, ಇಷ್ಟು ತೂಕದ ನಾಯಿ ಹೋಗಬೇಕಾಗಿದೆಯೆಂದು ರಕ್ಷಕರು ತಿಳಿಸುತ್ತಾರೆ. ಆ ಭಾಗದ ಚಾಲಕರು ತಮಗೆ ಅನುಕೂಲವಾದ ದಿನ ಹೊರಡುತ್ತಾರೆ. ಸಂಸ್ಥೆ ಇವರಿಬ್ಬರನ್ನು ಕೂಡಿಸುತ್ತದೆ, ಅಷ್ಟೆ.

ವಿಮಾನವೆಂದೊಡನೆ ಕೋಟ್ಯಧೀಶರ ವಿಲಾಸವೆಂದು ನಮಗೆ ತೋರುವುದು ಸಹಜ. ಆದರೆ ಅಮೆರಿಕಾದಲ್ಲಿ ಸಾರ್ವಜನಿಕರ ಉಪಯೋಗಕ್ಕೆ ತೆರೆದಿರುವ ವಿಮಾನನಿಲ್ದಾಣಗಳೇ ಸುಮಾರು 5,000 ಇದ್ದು, ಅವುಗಳಲ್ಲಿ ಬಹುಪಾಲು ನಿಲ್ದಾಣಗಳಿಗೆ ದೊಡ್ಡ ಕಂಪೆನಿಗಳ ವಿಮಾನಗಳು ಬರುವುದೇ ಇಲ್ಲ. ಒಂದು ಓಟದ ಹಾದಿ, ಒಂದು ತಗಡಿನ ಕೊಟ್ಟಿಗೆ, ಒಂದು ಪೆಟ್ರೋಲಿನ ಪಂಪು, ಇಷ್ಟೇ ಅವುಗಳ ವೈಭವ. ವಕೀಲರು, ದಂತವೈದ್ಯರು, ನಿವೃತ್ತ ಇಂಜಿನಿಯರುಗಳು ಅನೇಕರು, ಕೆಲವೊಮ್ಮೆ ಮೂರು ನಾಲ್ಕು ಮಂದಿ ಪಾಲುಗೂಡಿ, ಹಳೆಯದೊಂದು ಸೆಸ್ನಾ ವಿಮಾನವನ್ನು ಇಂಥಲ್ಲಿ ಇರಿಸಿಕೊಂಡಿರುತ್ತಾರೆ. ಹಾರಾಟವು ಅಭ್ಯಾಸ ತಪ್ಪಿದರೆ ಕೈಬಿಟ್ಟುಹೋಗುವ ವಿದ್ಯೆ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಬಾರಿಯಾದರೂ ಏರಿ ಇಳಿದಿರಬೇಕೆಂದು ಅಲ್ಲಿನ ನಿಯಮವೂ ಇದೆ. ಆದಕಾರಣ ಇವರು ಹಾರುವುದಕ್ಕೊಂದು ನೆವ ಹುಡುಕುತ್ತಲೇ ಇರುತ್ತಾರೆ. ಶನಿವಾರ ಬೆಳಗ್ಗೆ ನೂರು ಮೈಲಿ ಹಾರಿ, ಯಾವುದೋ ಊರಿನ ನಿಲ್ದಾಣದ ಹೋಟೆಲಿನಲ್ಲಿ ತಿಂಡಿ ತಿಂದು, ಹಿಂತಿರುಗುವುದುಂಟು. ಇದಕ್ಕೆ ಚಾಲಕರ ನುಡಿಯಲ್ಲಿ ‘ನೂರು ಡಾಲರಿನ ಹ್ಯಾಂಬರ್ಗರ್’ ಎಂದು ಹೆಸರು. ಹೇಗೂ ಸುಡಬೇಕಾಗಿದ್ದ ಆ ಇಂಧನಕ್ಕೆ ಈಗ ಒಂದು ಜೀವವನ್ನುಳಿಸುವ ಪ್ರಯೋಜನ ಒದಗಿತು. ಈ ಸೇವೆ ಇಷ್ಟು ವರ್ಷ ಬತ್ತದೆ ನಡೆದುಬಂದಿರುವುದು ತ್ಯಾಗಬುದ್ಧಿಯೊಂದರಿಂದಲೇ ಅಲ್ಲ, ಸಂತೋಷವೂ ಧರ್ಮವೂ ಒಂದೇ ಹಾದಿಯಲ್ಲಿ ಸಿಕ್ಕಿದುದರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಯಾನದ ಕ್ರಮ. ಈ ಕಾರ್ಯದಲ್ಲಿ ಸಾಮಾನ್ಯವಾಗಿ ಕಾಣುವ ಸೆಸ್ನಾ 172, ನಾಲ್ಕು ಆಸನಗಳ, ಒಂದೇ ಎಂಜಿನ್ನಿನ, ರೆಕ್ಕೆ ಮೇಲ್ಗಡೆಗಿರುವ ವಿಮಾನ. ಗಂಟೆಗೆ ಇನ್ನೂರಕ್ಕೂ ತುಸು ಹೆಚ್ಚು ಕಿಲೋಮೀಟರು ಅದರ ವೇಗ, ಮೂವತ್ತು ಮೂವತ್ತೈದು ಲೀಟರು ಅದರ ಗಂಟೆಯ ಆಹಾರ. ತೊಟ್ಟಿಗಳನ್ನು ಪೂರ್ತಿ ತುಂಬಿಸಿದ ಮೇಲೆ ಅದು ಹೊರಬಲ್ಲ ಭಾರ ಸುಮಾರು 250 ಕಿಲೋ; ಚಾಲಕನನ್ನು ಕಳೆದು ಉಳಿದುದು ನಾಯಿಗಳ ಪಾಲು. ಆದುದರಿಂದಲೇ ನಾಯಿಯ ತೂಕವನ್ನು ತಪ್ಪದೆ ತಿಳಿಸಿರಬೇಕು. ಇಪ್ಪತ್ತು ಕಿಲೋ ಎಂದು ಬರೆದ ನಾಯಿ ಮೂವತ್ತೈದು ಕಿಲೋ ಬಂದುಬಿಟ್ಟರೆ, ಭಾರವನ್ನು ಹಿಂದಕ್ಕಿಡಬೇಕೋ ಮುಂದಕ್ಕಿಡಬೇಕೋ ಎಂಬ ಲೆಕ್ಕವನ್ನು ನಿಲ್ದಾಣದಲ್ಲೇ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಹಿಂದಿನ ಆಸನವನ್ನು ಕಳಚಿ, ಕಂಬಳಿ ಹಾಸಿ, ಪಂಜರಗಳನ್ನಿಟ್ಟು ಪಟ್ಟಿಗಳಿಂದ ಬಿಗಿಯುತ್ತಾರೆ. ಪಂಜರದಲ್ಲಿ ಕೂರದ ದೊಡ್ಡ ನಾಯಿಗೆ ಎದೆಪಟ್ಟಿ ತೊಡಿಸಿ, ಚಾಲಕನ ಕೈಗಾಗಲಿ ಕಾಲಿಗಾಗಲಿ ಎಟುಕದಂತೆ ಕಟ್ಟುತ್ತಾರೆ. ಪಂಖ ಪೂರ್ತಿಯಾಗಿ ನಿಂತು, ಎಂಜಿನ್ನಿನ ಕೀಲಿಯನ್ನು ಹೊರತೆಗೆಯುವವರೆಗೆ ನಾಯಿಯನ್ನು ವಿಮಾನದ ಹತ್ತಿರಕ್ಕೆ ಬಿಡಲಾಗದು; ಹೆದರಿದ ನಾಯಿ ಎತ್ತ ಹಾರೀತೆಂದು ಹೇಳುವವರಾರು?

ಹೊರಡುವ ಮುನ್ನ ನಾಯಿಯ ಹೊಟ್ಟೆಗೆ ಹೆಚ್ಚು ಹಾಕಿರುವುದಿಲ್ಲ. ಬೇಸಗೆಯಲ್ಲಿ ನೆಲ ಕಾದಂತೆಲ್ಲ ಗಾಳಿ ಕುಲುಕುವುದರಿಂದ ಹೊತ್ತಾರೆಯಲ್ಲೇ ಹೊರಡುವುದು ಲೇಸು. ಈ ವಿಮಾನದೊಳಗೆ ಗಾಳಿಯ ಒತ್ತಡವನ್ನು ಕಾಪಾಡುವ ಯಂತ್ರವಿಲ್ಲವಾದ ಕಾರಣ ಸಾಮಾನ್ಯವಾಗಿ ಹತ್ತು ಸಾವಿರ ಅಡಿಯ ಕೆಳಗೇ ಹಾರುತ್ತಾರೆ. ಇಳಿಯುವಾಗ ನಾಯಿಯ ಕಿವಿ ನೋಯದಿರಲೆಂದು ಮೆಲ್ಲಮೆಲ್ಲನೆ ಇಳಿಯುತ್ತಾರೆ. ಕೇಳುವವರಿಗೆ ಅಚ್ಚರಿಯೆನಿಸಬಹುದಾದರೂ, ನೆಲದ ಮೇಲೆ ನಡುಗುತ್ತಿದ್ದ ನಾಯಿ, ಚಕ್ರಗಳು ನೆಲ ಬಿಟ್ಟು, ಎಂಜಿನ್ನಿನ ಮೊರೆತ ಒಂದೇ ಶ್ರುತಿಗೆ ಬಂದು ನಿಂತ ಸ್ವಲ್ಪ ಹೊತ್ತಿನಲ್ಲೇ ಮುದುಡಿಕೊಂಡು ನಿದ್ರೆಹೋಗುವುದೇ ಹೆಚ್ಚು. ಎಷ್ಟೋ ದಿನ ನೂರಾರು ನಾಯಿಗಳ ಬೊಗಳಾಟದ ನಡುವೆ ಸಿಮೆಂಟಿನ ನೆಲದ ಮೇಲೆ ಕಣ್ಣುಮುಚ್ಚಲಾರದೆ ಕಳೆದ ಜೀವವದು.

ಪೂರ್ತಿ ದೂರವನ್ನು ಒಬ್ಬನೇ ಹಾರಬೇಕಾಗಿಲ್ಲ. ಮುನ್ನೂರು ನಾಲ್ಕುನೂರು ಕಿಲೋಮೀಟರಿಗೊಬ್ಬ ಚಾಲಕನಂತೆ, ಒಬ್ಬನು ತಂದುದನ್ನು ಇನ್ನೊಬ್ಬನು ಪಡೆದು ಮುಂದಕ್ಕೊಯ್ಯುತ್ತಾನೆ. ನಾಯಿಯ ಜೊತೆಯಲ್ಲಿ ಕೈಯಿಂದ ಕೈಗೆ ಹೋಗುವ ಕಾಗದಗಳಲ್ಲಿ ಪಶುವೈದ್ಯರ ಆರೋಗ್ಯಪತ್ರ, ಹುಚ್ಚುನಾಯಿ ರೋಗದ ಲಸಿಕೆಯ ಪತ್ರ ಇವು ಮುಖ್ಯ. ದಕ್ಷಿಣದಲ್ಲಿ ಸೊಳ್ಳೆಗಳಿಂದ ಹರಡುವ ಹೃದಯಹುಳುವಿನ ಬಾಧೆ ಅಧಿಕ. ಪಾರ್ವೊ ಎಂಬ ಮಾರಕ ವ್ಯಾಧಿಯೂ ಉಂಟು. ಆದ್ದರಿಂದ ಮ್ಯಾಸಚೂಸೆಟ್ಸ್ ರಾಜ್ಯವು ಹೊರಗಿನಿಂದ ಬಂದ ಇಂಥ ನಾಯಿಗಳನ್ನು 48 ಗಂಟೆಗಳ ಕಾಲ ಪ್ರತ್ಯೇಕವಾಗಿರಿಸಬೇಕೆಂದು ವಿಧಿಸಿದೆ.

ಇನ್ನು ಹಣದ ಮಾತು. ಖಾಸಗಿ ಪರವಾನಗಿಯ ಚಾಲಕನು ಸಾಗಣೆಗಾಗಿ ಕೂಲಿ ಪಡೆಯುವುದನ್ನು ಅಮೆರಿಕಾದ ವಿಮಾನಯಾನ ಕಾನೂನು ನಿಷೇಧಿಸುತ್ತದೆ. ದಾನಸಂಸ್ಥೆಯ ಪರವಾಗಿ ಮಾಡಿದ ಇಂಧನದ ವೆಚ್ಚವನ್ನು ವರಮಾನ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದೆಂಬ ಸೌಕರ್ಯವೊಂದುಂಟು. ಅದು ತೆತ್ತ ಹಣದಲ್ಲಿ ಒಂದಂಶವನ್ನು ಮಾತ್ರ ಉಳಿಸೀತು.

ಇದೇ ಹಾದಿಯಲ್ಲಿ ಬೇರೆಯವರೂ ಬಂದಿದ್ದಾರೆ. ವಯೋಮಿಂಗ್ ರಾಜ್ಯದ ಪೀಟರ್ ರೋರ್ಕ್ ಎಂಬ ನಿವೃತ್ತ ಮೂಳೆವೈದ್ಯರು ಪತ್ನೀವಿಯೋಗದ ಬಳಿಕ, 2012ರಲ್ಲಿ ‘ಡಾಗ್ ಈಸ್ ಮೈ ಕೋಪೈಲಟ್’ ಎಂಬ ಸಂಸ್ಥೆಯನ್ನು ಕಟ್ಟಿ, ಸೆಸ್ನಾ ಕ್ಯಾರವಾನ್ ಎಂಬ ದೊಡ್ಡ ವಿಮಾನದಲ್ಲಿ ಪಶ್ಚಿಮದ ರಾಜ್ಯಗಳ ನಾಯಿ ಬೆಕ್ಕುಗಳನ್ನು ಡಜನುಗಟ್ಟಲೆಯಾಗಿ ಸಾಗಿಸತೊಡಗಿದರು. 2017ರಲ್ಲಿ ಹಾರ್ವಿ ಚಂಡಮಾರುತವು ಟೆಕ್ಸಾಸಿಗೆ ಬಡಿದಾಗ ‘ವಿಂಗ್ಸ್ ಆಫ್ ರೆಸ್ಕ್ಯೂ’ ಮುಂತಾದ ತಂಡಗಳು ಅಲ್ಲಿನ ಆಶ್ರಯಧಾಮಗಳಲ್ಲಿ ಮೊದಲೇ ಇದ್ದ ನಾಯಿಗಳನ್ನು ದೂರದೂರುಗಳಿಗೆ ಒಯ್ದವು. ನೆರೆಯಲ್ಲಿ ಒಡೆಯರಿಂದಗಲಿದ ನಾಯಿಗಳಿಗೆ ಊರಿನಲ್ಲೇ ಸ್ಥಳ ದೊರೆತು, ಒಡೆಯರು ಬಂದು ಹುಡುಕಿಕೊಳ್ಳಲು ಇದರಿಂದ ಅವಕಾಶವಾಯಿತು. ಇದು ಬಹು ವಿವೇಕದ ಏರ್ಪಾಡು.

ಆಕ್ಷೇಪಣೆಗಳಿಲ್ಲವೆಂದಲ್ಲ. ಮನುಷ್ಯರೇ ಕಷ್ಟದಲ್ಲಿರುವಾಗ ನಾಯಿಗೇಕೆ ವಿಮಾನ ಎನ್ನುವವರುಂಟು. ‘ಏಂಜೆಲ್ ಫ್ಲೈಟ್’ ಎಂಬ ಹೆಸರಿನ ಸಂಘಗಳ ಮೂಲಕ ಬಡರೋಗಿಗಳನ್ನು ದೂರದ ಆಸ್ಪತ್ರೆಗಳಿಗೆ ಪುಕ್ಕಟೆಯಾಗಿ ಕರೆದೊಯ್ಯುವ ಹವ್ಯಾಸಿ ಚಾಲಕರು ಈ ನಾಯಿಗಳಿಗಿಂತ ಬಹಳ ಮೊದಲೇ ಹಾರತೊಡಗಿದರೆಂಬುದೇ ಅವರಿಗೆ ಉತ್ತರ. ದಯೆಯು ಒಂದೆಡೆ ಹರಿದರೆ ಇನ್ನೊಂದೆಡೆ ಒಣಗಬೇಕೆಂಬ ನಿಯಮವಿಲ್ಲ. ಎರಡನೆಯ ಆಕ್ಷೇಪಣೆ ಗಂಭೀರವಾದುದು: ನಾಯಿಗಳನ್ನು ಸಾಗಿಸುತ್ತಲೇ ಇದ್ದರೆ ದಕ್ಷಿಣದವರು ಅವುಗಳ ಹುಟ್ಟನ್ನು ತಡೆಯಲು ಏಕೆ ಶ್ರಮಿಸಿಯಾರು? ಇದನ್ನು ನಾನು ಒಪ್ಪುತ್ತೇನೆ. ವಿಮಾನವು ಎಂದಿಗೂ ಮದ್ದಾಗಲಾರದು. ಮದ್ದಿರುವುದು ಪಶುವೈದ್ಯನ ಶಸ್ತ್ರದಲ್ಲಿ. 1866ರಲ್ಲಿ ಸ್ಥಾಪಿತವಾದ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಘದ ಅಂದಾಜಿನಂತೆ, ಅಮೆರಿಕಾದ ಆಶ್ರಯಧಾಮಗಳಲ್ಲಿ 2011ರಲ್ಲಿ ಕೊಲ್ಲಲ್ಪಟ್ಟ ನಾಯಿ ಬೆಕ್ಕುಗಳು ಸುಮಾರು 26 ಲಕ್ಷ. 2019ರ ವೇಳೆಗೆ ಆ ಸಂಖ್ಯೆ 9 ಲಕ್ಷ 20 ಸಾವಿರಕ್ಕಿಳಿದಿತ್ತು. ಈ ಇಳಿತದಲ್ಲಿ ಶಸ್ತ್ರಚಿಕಿತ್ಸೆಗೂ, ದತ್ತು ಸ್ವೀಕರಿಸಿದ ಸಂಸಾರಗಳಿಗೂ ಸಲ್ಲುವ ಪಾಲು ದೊಡ್ಡದು. ನಾಲ್ಕು ಸೀಟಿನ ವಿಮಾನಗಳ ಪಾಲು ಅಲ್ಪವೇ ಸರಿ. ಆದರೆ ನಾಳೆ ಬೆಳಗ್ಗೆ ಗಡುವು ಮುಗಿಯಲಿರುವ ನಾಯಿ ಮುಂದಿನ ದಶಕದ ಶಸ್ತ್ರಚಿಕಿತ್ಸೆಗಾಗಿ ಕಾಯಲಾರದು. ಅದಕ್ಕೆ ಬೇಕಾದುದು ಇಂದಿನ ಮಧ್ಯಾಹ್ನದ ವಿಮಾನ.

ಜಕ್ಕೂರಿನಂಥ ಹಾರಾಟದ ಶಾಲೆಗಳು ನಮ್ಮಲ್ಲೂ ಇವೆಯಾದರೂ, ಸ್ವಂತ ವಿಮಾನವುಳ್ಳ ಹವ್ಯಾಸಿಗಳು ಬೆರಳೆಣಿಕೆಯವರು. ಆ ಕ್ರಮವನ್ನು ಇಲ್ಲಿಗೆ ತಂದು ನೆಡುವಂತಿಲ್ಲ. ಆದರೆ ನಿಮ್ಮ ಮಗನೋ ಮಗಳೋ ಬಾಸ್ಟನ್ನಿನಲ್ಲೋ ಸಿಯಾಟಲಿನಲ್ಲೋ ನೆಲಸಿದ್ದು, ಮನೆಗೊಂದು ನಾಯಿಯನ್ನು ತರಬೇಕೆಂದಿರುವುದಾಗಿ ತಿಳಿಸಿದರೆ, ಅಂಗಡಿಯಲ್ಲಿ ಮರಿಗೆ ಹಣ ತೆರುವ ಮುನ್ನ ಹತ್ತಿರದ ಆಶ್ರಯಧಾಮಕ್ಕೆ ಒಮ್ಮೆ ಹೋಗಿಬರುವಂತೆ ಹೇಳಿರಿ. ಇಲ್ಲಿ ನಿಮ್ಮ ಮನೆಯಲ್ಲೇ ನಾಯಿಯಿದ್ದರೆ, ಅಥವಾ ನಿಮ್ಮ ಬೀದಿಯ ನಾಯಿಗೆ ನೀವು ಅನ್ನವಿಕ್ಕುತ್ತಿದ್ದರೆ, ಅದಕ್ಕೆ ಲಸಿಕೆಯನ್ನೂ ಸಂತಾನಹರಣ ಚಿಕಿತ್ಸೆಯನ್ನೂ ಈ ವರ್ಷವೇ ಮಾಡಿಸಿರಿ.