ನೀರಿನ ಜಾಡಿನಲ್ಲಿ ನಾಲ್ಕು ತಾಲ್ಲೂಕುಗಳು



ರಜೆ ಬಂದೊಡನೆ ನಮ್ಮ ನಗರವಾಸಿಗಳು ಹಂಪೆಗೆ ಹೋಗುವರು, ಜೋಗಕ್ಕೆ ಹೋಗುವರು. ಕೈಯಲ್ಲಿ ಹಣವುಳ್ಳವರು ಸಮುದ್ರವನ್ನು ದಾಟಿ ಕಾಂಬೋಜದ ಅಂಗಕೋರಕ್ಕೂ ಹೋಗಿಬರುವರು. ಅಲ್ಲಿ ದೇವಾಲಯಗಳನ್ನು ನೋಡಿ ಮುಗಿದ ಮೇಲೆ ಪ್ರಯಾಣಿಕರು ಪಶ್ಚಿಮ ಬರಾಯ್ ಎಂಬ ಜಲಾಶಯದ ದಂಡೆಗೆ ಬರುವ ವಾಡಿಕೆಯುಂಟು. ಹನ್ನೊಂದನೆಯ ಶತಮಾನದ ಆ ಜಲಾಶಯವು ಸುಮಾರು 8 ಕಿಲೋಮೀಟರು ಉದ್ದ, 2 ಕಿಲೋಮೀಟರು ಅಗಲ. ಅದನ್ನು ಕಂಡು ಬೆರಗಾಗಿ ಬಂದ ಸ್ನೇಹಿತರೊಬ್ಬರನ್ನು, "ನಮ್ಮ ಸೂಳೆಕೆರೆಯನ್ನು ನೋಡಿರುವಿರಾ?" ಎಂದು ಕೇಳಿದೆನು. ಹೆಸರನ್ನು ಕೇಳಿ ಅವರು ನಕ್ಕರು, ನೋಡಿರಲಿಲ್ಲ.

ಆ ಕೆರೆಯನ್ನೂ ಅದರ ನೆರೆಹೊರೆಯನ್ನೂ ನೋಡಬೇಕೆಂಬವರಿಗೆ ದಾರಿಯನ್ನು ಸೂಚಿಸುವುದು ಈ ಭಾಷಣದ ಉದ್ದೇಶ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. 1997ರಲ್ಲಿ ಆ ಜಿಲ್ಲೆಯಾಗುವ ಮೊದಲು ಹೊನ್ನಾಳಿ ಚನ್ನಗಿರಿಗಳು ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದಿತು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟ ಹೊಸ ತಾಲ್ಲೂಕು. ನನ್ನ ಸಲಹೆ ಇಷ್ಟೆ: ಪಶ್ಚಿಮದಿಂದ ಪೂರ್ವಕ್ಕೆ ಹೋಗಿರಿ. ನೀರು ಹೆಚ್ಚಾಗಿರುವ ನೆಲದಿಂದ ಹೊರಟು ನೀರಿಲ್ಲದ ನೆಲವನ್ನು ಸೇರಿದರೆ ಈ ಸೀಮೆಯು ತಾನಾಗಿಯೇ ಅರ್ಥವಾಗುವುದು. ಮೂರು ದಿನಗಳು ಸಾಕು. ಮಳೆಗಾಲ ಕಳೆದು ಕೆರೆಗಳು ತುಂಬಿರುವ ಕಾರ್ತಿಕ, ಮಾರ್ಗಶಿರ ಮಾಸಗಳು ಪ್ರಶಸ್ತ.

ಶಿವಮೊಗ್ಗದಿಂದ ಮುಂಜಾನೆ ಹೊರಟರೆ ನ್ಯಾಮತಿಯ ಕಡೆಯ ಗುಡ್ಡಗಳು ಮೊದಲು ಸಿಕ್ಕುವುವು. ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರದಲ್ಲಿ ಬೇಸಗೆಯಲ್ಲಿಯೂ ಬತ್ತದ ಸಣ್ಣದೊಂದು ಒರತೆಯಿದೆ. ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿ ಜನರು ಪೂಜಿಸುವ ಕ್ಷೇತ್ರ. ಫೆಬ್ರವರಿ ತಿಂಗಳ ಮಧ್ಯದಲ್ಲಿ ನಡೆಯುವ ಜಾತ್ರೆಗೆ ದೂರದ ಪ್ರಾಂತಗಳಿಂದಲೂ ಭಕ್ತರು ಬರುವರು. ಜನಸಂದಣಿಗೆ ಹೆದರದವರು ಆ ದಿನಗಳಲ್ಲಿಯೇ ಹೋಗಬಹುದು. ನೆಮ್ಮದಿಯನ್ನು ಬಯಸುವವರು ಬೇರೆ ದಿನವನ್ನು ನೋಡಿಕೊಳ್ಳಲಿ.

ಹೊನ್ನಾಳಿಯಲ್ಲಿ ಹೆಚ್ಚು ಹೊತ್ತು ಬೇಕಾಗಿಲ್ಲ. ರಾಘವೇಂದ್ರಸ್ವಾಮಿಗಳ ಮಠವನ್ನು ಕಂಡು ಹೊಳೆಯ ದಡಕ್ಕೆ ಹೋಗಿರಿ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ ಒಂದಾದ ಹೊಳೆಯು ಇಲ್ಲಿ ಅಗಲವಾಗಿ, ಅವಸರವಿಲ್ಲದೆ ಹರಿಯುವುದು. ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತು ಈ ನೀರನ್ನು ಚೆನ್ನಾಗಿ ನೋಡಿಕೊಂಡಿರಬೇಕು. ಜಗಳೂರನ್ನು ಸೇರಿದಾಗ ಇದು ನೆನಪಿಗೆ ಬರುವುದು.

ಹೊಳೆಯನ್ನು ದಾಟಿ ಬಸವಾಪಟ್ಟಣದ ಮಾರ್ಗವಾಗಿ ಹೋದರೆ ಸೂಳೆಕೆರೆ. ಎರಡು ಬೆಟ್ಟಗಳ ನಡುವಣ ಕಣಿವೆಗೆ ಒಂದೇ ಏರಿ. ಈ ಏರಿಯು ಅಷ್ಟೇನೂ ಉದ್ದವಲ್ಲ. ಅದರ ಅಗಲವೂ ಎತ್ತರವೂ ಮಾತ್ರ ಪ್ರಚಂಡ. ಅಂಗಕೋರದವರು ಬಯಲಿನಲ್ಲಿ ನಾಲ್ಕು ಕಡೆಯೂ ಮಣ್ಣನ್ನು ಪೇರಿಸಿ ನೀರನ್ನು ಹಿಡಿದರು. ನಮ್ಮವರು ಬೆಟ್ಟಗಳನ್ನೇ ಗೋಡೆಯಾಗಿ ಮಾಡಿಕೊಂಡು ಬಾಗಿಲನ್ನು ಮಾತ್ರ ಮುಚ್ಚಿದರು. ಈ ಜಾಣತನದಿಂದ ಸುಮಾರು 6,500 ಎಕರೆಯ ನೀರು ನಿಂತಿತು. ಏರಿಯ ಎರಡು ತೂಬುಗಳಿಂದ ಹೊರಡುವ ಸಿದ್ಧನಾಲೆ, ಬಸವನಾಲೆಗಳು ಇಂದಿಗೂ ಗದ್ದೆಗಳನ್ನೂ ತೋಟಗಳನ್ನೂ ನೆನೆಸುತ್ತಿವೆ. ಚಿತ್ರದುರ್ಗ ನಗರದವರು ಕುಡಿಯುವುದೂ ಈ ಕೆರೆಯ ನೀರನ್ನೇ. ಇದು ಏಷ್ಯಾಖಂಡದಲ್ಲಿ ಎರಡನೆಯ ದೊಡ್ಡ ಕೆರೆಯೆಂದು ಹೇಳುವ ರೂಢಿಯುಂಟು. ಇಂತಹ ಪದವಿಗಳಲ್ಲಿ ನನಗೆ ನಂಬಿಕೆ ಕಡಮೆ. ಕೆರೆಗೆ ಅದರ ಅವಶ್ಯಕತೆಯೂ ಇಲ್ಲ.

ಹೆಸರಿನ ವಿಷಯವನ್ನು ಮಾತ್ರ ಹೇಳದೆ ಬಿಡಲಾರೆ. ಶಾಂತವ್ವೆಯೆಂಬ ರಾಜಪುತ್ರಿಯು ಕೆರೆಯನ್ನು ಕಟ್ಟಿಸಲು ಹೊರಟಾಗ, ನೀರು ನಿಲ್ಲಬೇಕಾದ ಸ್ಥಳದಲ್ಲಿ ಸೂಳೆಯರ ಕೇರಿಯಿದ್ದಿತಂತೆ. ಅವರು ಮನೆಗಳನ್ನು ಬಿಟ್ಟುಕೊಟ್ಟರು. ಕೆರೆಗೆ ತಮ್ಮ ಹೆಸರಿರಬೇಕೆಂಬುದೊಂದೇ ಅವರು ಕೇಳಿದ ಬೆಲೆ. ಇದು ಐತಿಹ್ಯ, ಶಾಸನವಲ್ಲ. ಆದರೆ ಜನರು ಶತಮಾನಗಳ ಕಾಲ ಈ ಕಥೆಯನ್ನು ಹೇಳಿಕೊಂಡು, ಮಾತಿಗೆ ತಪ್ಪದೆ ಅದೇ ಹೆಸರಿನಿಂದ ಕೆರೆಯನ್ನು ಕರೆದರು. ಈಗ ಸಭ್ಯರಾದ ನಾವು ನಾಚಿಕೊಂಡು ಶಾಂತಿಸಾಗರವೆನ್ನುತ್ತೇವೆ. ರಾಜಪುತ್ರಿಯ ನೆನಪು ಆ ಹೆಸರಿನಲ್ಲಿ ಉಳಿಯಿತು, ಒಪ್ಪತಕ್ಕದ್ದೇ. ಮನೆಯನ್ನು ಕಳೆದುಕೊಂಡ ಹೆಂಗಸರ ನೆನಪು ಎಲ್ಲಿ ಉಳಿಯಬೇಕು? ಅಲ್ಲಿಗೆ ಹೋದವರು ದಾರಿಯನ್ನು ಕೇಳುವಾಗ ಹಳೆಯ ಹೆಸರನ್ನೇ ಹೇಳಿ ಕೇಳಲಿ. ಹಳ್ಳಿಯವರು ಯಾರೂ ನಗುವುದಿಲ್ಲ.

ಚನ್ನಗಿರಿಯ ಹೆಸರೂ ಒಬ್ಬ ಹೆಂಗಸಿನದೇ. ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದಿತೆಂದು ಹೇಳುವರು. ಬೆಟ್ಟದ ಮೇಲಿನ ಕೋಟೆಯನ್ನೂ ರಂಗನಾಥನ ಗುಡಿಯನ್ನೂ ನೋಡಲು ಬೆಳಗಿನ ಒಂದೆರಡು ಗಂಟೆ ಸಾಕು. ಊರ ಸುತ್ತ ಎತ್ತ ನೋಡಿದರೂ ಅಡಿಕೆಯ ತೋಟ. ಕೊಯ್ಲಿನ ಕಾಲಕ್ಕೆ ಹೋದರೆ ಮನೆಯಂಗಳಗಳಲ್ಲಿ ಅಡಿಕೆಯನ್ನು ಸುಲಿಯುವುದು, ಹಂಡೆಗಳಲ್ಲಿ ಬೇಯಿಸುವುದು, ಚೊಗರನ್ನು ಹಾಕಿ ಒಣಗಿಸುವುದು ಇವೆಲ್ಲ ಕಾಣುವುದು. ಕೋಟೆಗಿಂತ ಇದನ್ನು ನೋಡುವುದರಲ್ಲಿ ನನಗೆ ಹೆಚ್ಚು ಸಂತೋಷ.

ದಾವಣಗೆರೆಯ ದಾರಿಯಲ್ಲಿ ಸಂತೆಬೆನ್ನೂರಿದೆ. ಅಲ್ಲಿನ ಪಾಳೆಯಗಾರ ಕೆಂಗ ಹನುಮಪ್ಪನಾಯಕನು ಕಟ್ಟಿಸಿದ ಪುಷ್ಕರಿಣಿಯ ನಡುವೆ ವಸಂತಮಂಟಪವು ನೀರಿನಲ್ಲಿ ನಿಂತಿದೆ. ದಂಡೆಯ ಎಂಟು ಮಂಟಪಗಳಲ್ಲಿ ಆರು ಉಳಿದಿವೆ. ಎದುರಿಗೆ ಕಾಣುವ ಮುಸಾಫಿರಖಾನೆಯು, 1637ರ ಸುಮಾರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ರಂಗನಾಥನ ದೇವಾಲಯವನ್ನು ಕೆಡವಿ ಆ ಸ್ಥಳದಲ್ಲಿ ಕಟ್ಟಿಸಿದುದೆಂದು ಪ್ರಸಿದ್ಧಿ. ಗೆದ್ದವರದೂ ಸೋತವರದೂ ಒಂದೇ ನೀರಿನಲ್ಲಿ ಬಿಂಬಿಸುವುದು. ಸಂಜೆಯ ಬಿಸಿಲಿನಲ್ಲಿ ನೋಡತಕ್ಕ ಸ್ಥಳವಿದು.

ರಾತ್ರಿ ದಾವಣಗೆರೆಯಲ್ಲಿ ತಂಗಿ, ಬೆಳಗ್ಗೆ ಬೆಣ್ಣೆದೋಸೆಯನ್ನು ತಿಂದು ಜಗಳೂರಿಗೆ ಹೊರಡಬೇಕು. "ಅಲ್ಲೇನಿದೆ?" ಎಂದು ಅನೇಕರು ಕೇಳುವರು. ಹೊಳೆಯಿಲ್ಲ, ನಾಲೆಯಿಲ್ಲ, ಬರಗಾಲದ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುವ ಹೆಸರದು. ಈ ಒಣನೆಲದ ಕುರುಚಲು ಕಾಡಿನಲ್ಲಿಯೇ ಕೊಂಡುಕುರಿಯು ವಾಸಿಸುವುದು. ಗಂಡಿಗೆ ನಾಲ್ಕು ಕೊಂಬುಗಳಿರುವ ಈ ಸಣ್ಣ ಮೃಗವು ನಮ್ಮ ದೇಶದಲ್ಲಿಯೂ ನೇಪಾಳದಲ್ಲಿಯೂ ಅಲ್ಲದೆ ಬೇರೆಲ್ಲಿಯೂ ಕಾಡಿನಲ್ಲಿ ಇಲ್ಲ. ಅದರ ರಕ್ಷಣೆಗಾಗಿಯೇ ರಂಗಯ್ಯನದುರ್ಗದ ಅರಣ್ಯವನ್ನು 2011ರಲ್ಲಿ ವನ್ಯಧಾಮವೆಂದು ಘೋಷಿಸಿದರು. ಬಲು ಅಂಜುಬುರುಕ ಪ್ರಾಣಿ. ಕಂಡೇ ತೀರುವೆವೆಂಬ ಹಟ ಬೇಡ. ಅರಣ್ಯ ಇಲಾಖೆಯವರ ಅನುಮತಿಯನ್ನು ಮೊದಲೇ ಪಡೆದಿರಬೇಕು.

ಜಗಳೂರಿನ ಸುತ್ತಣ ಕೆರೆಗಳನ್ನೂ ನೋಡಿಬನ್ನಿರಿ. ಹರಿಹರದ ಬಳಿಯ ದೀಟೂರಿನಿಂದ ತುಂಗಭದ್ರೆಯ ನೀರನ್ನು ಯಂತ್ರಗಳಿಂದೆತ್ತಿ, ಕೊಳವೆಗಳ ಮೂಲಕ ಈ ಕಡೆಯ 57 ಕೆರೆಗಳಿಗೆ ತುಂಬಿಸುವ ಯೋಜನೆ ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ಹೊನ್ನಾಳಿಯ ಸೇತುವೆಯ ಕೆಳಗೆ ಹರಿದುಹೋದ ಅದೇ ಹೊಳೆ. ಕೆರೆಯ ದಂಡೆಯಲ್ಲಿ ದನಕಾಯುವ ಮುದುಕರಾರಾದರೂ ಸಿಕ್ಕಿದರೆ, ಹಿಂದೆ ಆ ಕೆರೆಗೆ ಕೋಡಿ ಬಿದ್ದುದು ಯಾವ ವರ್ಷವೆಂದು ಕೇಳಿರಿ. ಅಂಥವರಿಗೆ ವರ್ಷ ಮಾತ್ರವಲ್ಲ, ತಿಥಿಯೂ ನೆನಪಿರುವುದುಂಟು. ಜಗಳೂರಿನಲ್ಲಿ ಪ್ರವಾಸಿಗರ ವಸತಿಗೆ ಅನುಕೂಲ ಕಡಮೆಯಾದುದರಿಂದ ಕತ್ತಲಾಗುವುದರೊಳಗೆ ಚಿತ್ರದುರ್ಗದ ರಸ್ತೆಯನ್ನು ಹಿಡಿಯುವುದು ಒಳ್ಳೆಯದು.