ನೆಕ್ಕರ್ ತೀರದ ವಿದ್ಯಾನಗರ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಎರಡು ಫಲಗಳೂ ಒಂದೇ ಕಡೆ ದೊರೆಯುವ ಊರುಗಳು ವಿರಳ. ಅಂಥ ಒಂದು ಊರನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಅದರ ಹೆಸರು ಟ್ಯೂಬಿಂಗೆನ್. ಜರ್ಮನಿಯ ನೈಋತ್ಯ ಭಾಗದಲ್ಲಿ, ಮೋಟಾರು ಬಂಡಿಗಳ ತಯಾರಿಕೆಗೆ ಹೆಸರಾದ ಸ್ಟುಟ್‌ಗಾರ್ಟ್ ನಗರದಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಊರು ಚಿಕ್ಕದು, ಜನಸಂಖ್ಯೆ ಒಂದು ಲಕ್ಷವನ್ನು ಮುಟ್ಟಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ಬಾಂಬುಗಳಿಗೆ ತುತ್ತಾಗಿ ಬಹುಮಟ್ಟಿಗೆ ಹಾಳಾಯಿತು. ಈ ಊರು ಹೆಚ್ಚಿನ ಕೇಡಿಲ್ಲದೆ ಉಳಿದುಕೊಂಡಿತು. ಆದುದರಿಂದ ನೂರಾರು ವರ್ಷಗಳ ಹಿಂದಿನ ಓಣಿಗಳೂ ಮರದ ಚೌಕಟ್ಟಿನ ಮನೆಗಳೂ ಅಲ್ಲಿ ಇಂದಿಗೂ ಕಾಣಸಿಗುತ್ತವೆ.

ರೈಲು ನಿಲ್ದಾಣದಿಂದ ಹೊರಟವರಿಗೆ ಮೊದಲು ಎದುರಾಗುವುದು ನೆಕ್ಕರ್ ನದಿ. ಸೇತುವೆಯ ಮೇಲೆ ನಿಂತು ನೋಡಿದರೆ ಒಂದು ಮಗ್ಗುಲಿಗೆ ನದಿಯ ನಡುವಣ ನಡುಗಡ್ಡೆ. ಅದರ ಉದ್ದಕ್ಕೂ ಮುಗಿಲಿಗೆ ಚಾಚಿದ ಹಳೆಯ ಮರಗಳ ಸಾಲು. ಇನ್ನೊಂದು ಮಗ್ಗುಲಿಗೆ ನೀರಿನ ಅಂಚಿಗೇ ಒತ್ತಿ ನಿಂತ ಬಣ್ಣಬಣ್ಣದ ಮನೆಗಳು, ಅವುಗಳ ನಡುವೆ ಹಳದಿ ಬಣ್ಣದ ಒಂದು ಗುಂಡು ಗೋಪುರ. ಆ ಗೋಪುರದ ಕಥೆಯನ್ನು ಕೊನೆಗೆ ಹೇಳುತ್ತೇನೆ. ಬೇಸಗೆಯಲ್ಲಿ ನದಿಯ ತುಂಬ ಉದ್ದನೆಯ ದೋಣಿಗಳು. ಅವುಗಳಿಗೆ ಹುಟ್ಟು ಹಾಕುವುದಿಲ್ಲ. ಹಿಂಬದಿಯಲ್ಲಿ ಒಬ್ಬನು ನಿಂತು ಗಳವನ್ನು ನದಿಯ ತಳಕ್ಕೆ ಊರಿ ತಳ್ಳುವನು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಕೂಟಗಳು ಈ ದೋಣಿಗಳಲ್ಲಿ ಪಂದ್ಯ ಹೂಡುತ್ತವೆ. ಸೋತ ತಂಡದವರು ಎಲ್ಲರೆದುರಿಗೆ ಮೀನೆಣ್ಣೆಯನ್ನು ಕುಡಿಯಬೇಕೆಂಬುದು ಅಲ್ಲಿಯ ಕಟ್ಟಳೆ. ಪಂಡಿತರ ಊರಿನಲ್ಲಿಯೂ ತಾರುಣ್ಯವು ತನ್ನ ಕಪ್ಪವನ್ನು ವಸೂಲು ಮಾಡದೆ ಬಿಡುವುದಿಲ್ಲ.

ನದಿಯಿಂದ ಮೇಲೇರುವ ಓಣಿಯನ್ನು ಹಿಡಿದರೆ ಸ್ವಲ್ಪದರಲ್ಲಿಯೇ ಷ್ಟಿಫ್ಟ್ ಎಂಬ ವಿದ್ಯಾರ್ಥಿನಿಲಯ. ಪಾದ್ರಿಗಳಾಗಬೇಕಾದ ಬಡ ಹುಡುಗರಿಗೆ ಊಟ ವಸತಿಗಳನ್ನಿತ್ತು ಓದಿಸಲೆಂದು 1536ರಲ್ಲಿ ಇದು ಸ್ಥಾಪಿತವಾಯಿತು. 1589ರಲ್ಲಿ ಇಲ್ಲಿಗೆ ಬಂದ ಒಬ್ಬ ಹುಡುಗನು ಗುರು ಮೇಸ್ಟ್ಲಿನ್‌ನಿಂದ ಕೊಪರ್ನಿಕಸನ ಸಿದ್ಧಾಂತವನ್ನು ಕಲಿತು, ಪಾದ್ರಿಯಾಗುವುದರ ಬದಲು ಗ್ರಹಗತಿಯ ನಿಯಮಗಳನ್ನು ಕಂಡುಹಿಡಿದನು. ಅವನೇ ಕೆಪ್ಲರ್. ಅವನಾದ ಇನ್ನೂರು ವರ್ಷಗಳಿಗೆ ಮೂವರು ತರುಣರು ಇದೇ ನಿಲಯದಲ್ಲಿ ಒಂದೇ ಕೊಠಡಿಯನ್ನು ಹಂಚಿಕೊಂಡಿದ್ದರು. ಇಬ್ಬರು ತತ್ತ್ವಶಾಸ್ತ್ರಜ್ಞರಾದರು, ಹೇಗೆಲ್ ಮತ್ತು ಷೆಲ್ಲಿಂಗ್. ಮೂರನೆಯವನು ಕವಿಯಾದನು, ಹೋಲ್ಡರ್ಲಿನ್.

ಇನ್ನೂ ಮೇಲೇರಿದರೆ ಸಂತ ಜಾರ್ಜನ ದೇವಾಲಯ. ಅದರ ಗರ್ಭಾಂಗಣದಲ್ಲಿ ವುರ್ಟೆಂಬರ್ಗ್ ಅರಸುಮನೆತನದವರ ಗೋರಿಗಳಿವೆ; 1477ರಲ್ಲಿ ಇಲ್ಲಿಯ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ ಗಡ್ಡದ ಎಬರ್ಹಾರ್ಡನೂ ಅಲ್ಲಿಯೇ ಮಲಗಿದ್ದಾನೆ. ದೇವಾಲಯದ ಎದುರಿಗೆ ಒಂದು ಹಳೆಯ ಪುಸ್ತಕದಂಗಡಿ. 1895ರಿಂದ 1899ರವರೆಗೆ ಹರ್ಮನ್ ಹೆಸ್ಸೆಯು ಅಲ್ಲಿ ಪುಸ್ತಕ ವ್ಯಾಪಾರವನ್ನು ಕಲಿಯುತ್ತ ದುಡಿದನು. ಮಲೆಯಾಳ ನಿಘಂಟನ್ನು ರಚಿಸಿದ ಗುಂಡರ್ಟ್ ಪಂಡಿತನ ಮಗಳ ಮಗನೀತ. ಗುಂಡರ್ಟನೂ ಇದೇ ಊರಿನ ವಿದ್ಯಾರ್ಥಿ. ಮುಂದೆ ಪೇಟೆಯ ಚೌಕ, 1435ರಲ್ಲಿ ಕಟ್ಟಿದ ಪುರಭವನ. ಅದರ ಮುಖದ ಮೇಲೆ ಗ್ರಹಣಗಳನ್ನೂ ಸೂರ್ಯಚಂದ್ರರ ಸ್ಥಿತಿಯನ್ನೂ ತೋರುವ 1511ರ ಗಡಿಯಾರ.

ಗುಡ್ಡದ ನೆತ್ತಿಯ ಮೇಲೆ ಕೋಟೆ. ಒಳಗಿರುವ ವಸ್ತುಸಂಗ್ರಹಾಲಯದಲ್ಲಿ ಹೆಬ್ಬೆರಳಿನಷ್ಟು ಪುಟ್ಟದಾದ ಒಂದು ಕುದುರೆಯಿದೆ. ಸುಮಾರು 40,000 ವರ್ಷಗಳ ಹಿಂದೆ ಯಾರೋ ಒಬ್ಬನು ಮಹಾಗಜದ ದಂತದಲ್ಲಿ ಅದನ್ನು ಕೆತ್ತಿದನು. 1931ರಲ್ಲಿ ಒಂದು ಗವಿಯಲ್ಲಿ ಸಿಕ್ಕಿತು. ಅದೇ ಕೋಟೆಯ ಹಳೆಯ ಅಡುಗೆಮನೆಯಲ್ಲಿ ಒಂದು ರಸಾಯನಶಾಲೆಯಿದ್ದಿತು. ಮೀಷರ್ ಎಂಬ ತರುಣ ವೈದ್ಯನು ಶಸ್ತ್ರಚಿಕಿತ್ಸಾಲಯದಿಂದ ಗಾಯದ ಪಟ್ಟಿಗಳನ್ನು ತರಿಸಿಕೊಂಡು, ಅವುಗಳ ಕೀವಿನ ಕಣಗಳನ್ನು ಶೋಧಿಸಿ, 1869ರಲ್ಲಿ ಅದುವರೆಗೆ ಯಾರೂ ಅರಿಯದ ಒಂದು ದ್ರವ್ಯವನ್ನು ಬೇರ್ಪಡಿಸಿದನು. ಇಂದು ಶಾಲೆಯ ಮಕ್ಕಳೂ ಬಲ್ಲ ಡಿ.ಎನ್.ಎ.ಯ ಮೊದಲ ದರ್ಶನವಾದುದು ಹೀಗೆ.

ಊರಿನಿಂದ ಉತ್ತರಕ್ಕೆ ಕೆಲವೇ ಮೈಲಿಗಳಲ್ಲಿ, ಷೋನ್‌ಬುಖ್ ಎಂಬ ಕಾಡಿನ ಅಂಚಿನಲ್ಲಿ, ಬೆಬೆನ್‌ಹೌಸೆನ್ ಮಠವಿದೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಸಂನ್ಯಾಸಿಗಳು ಹೋದ ಮೇಲೆ ಅರಸರು ಬೇಟೆಗೆ ಬಂದು ಇಲ್ಲಿ ತಂಗುತ್ತಿದ್ದರು. ವುರ್ಟೆಂಬರ್ಗಿನ ಕೊನೆಯ ದೊರೆ ಎರಡನೆಯ ವಿಲ್‌ಹೆಲ್ಮನು 1918ರಲ್ಲಿ ಸಿಂಹಾಸನವನ್ನು ಬಿಟ್ಟು ಇಲ್ಲಿ ನೆಲಸಿ, 1921ರಲ್ಲಿ ಇಲ್ಲಿಯೇ ತೀರಿಕೊಂಡನು. ಯುದ್ಧಾನಂತರ 1952ರವರೆಗೆ ಆ ಪ್ರಾಂತದ ಶಾಸನಸಭೆಯು ಇದೇ ಮಠದಲ್ಲಿ ಕೂಡುತ್ತಿದ್ದಿತು. ಸಂನ್ಯಾಸಿ, ಅರಸು, ಪ್ರಜಾಪ್ರತಿನಿಧಿ ಮೂವರಿಗೂ ಒಂದೇ ಸೂರು ಒದಗಿತು.

ಇನ್ನು ಕೋಶದ ಮಾತು. ಬೋಟ್ಲಿಂಕ್ ಪಂಡಿತನೊಡನೆ ಸೇರಿ ಏಳು ಸಂಪುಟಗಳ ಸಂಸ್ಕೃತ ಮಹಾನಿಘಂಟನ್ನು 1855ರಿಂದ 1875ರವರೆಗೆ ಹೊರತಂದ ರೋಟ್ ಎಂಬ ವಿದ್ವಾಂಸನು ಇಲ್ಲಿಯ ಪ್ರಾಧ್ಯಾಪಕನು. ಮಂಗಳೂರಿನಿಂದ 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗನಿಗೆ ಕನ್ನಡ ಗ್ರಂಥಗಳ ಪ್ರಕಟಣೆಗಾಗಿ ಡಾಕ್ಟರ್ ಪದವಿಯನ್ನಿತ್ತುದು ಈ ವಿಶ್ವವಿದ್ಯಾನಿಲಯ. ಕನ್ನಡಕ್ಕೆ 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕೊಟ್ಟ ಫರ್ಡಿನಂಡ್ ಕಿಟ್ಟೆಲರು ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ಕಣ್ಮುಚ್ಚಿದುದು ಈ ಊರಿನಲ್ಲಿ. ಆದುದರಿಂದ ಕನ್ನಡಿಗನು ಇಲ್ಲಿಯ ಓಣಿಗಳಲ್ಲಿ ತಿರುಗುವಾಗ ತಾನು ಪರಸ್ಥಳದಲ್ಲಿದ್ದೇನೆಂದು ಭಾವಿಸಬೇಕಾಗಿಲ್ಲ.

ಆದರೆ ಹೊಗಳಿಕೆಯನ್ನೇ ಹೇಳಿ ನಿಲ್ಲಿಸಿದರೆ ಊರನ್ನು ಅರ್ಧ ಮಾತ್ರ ತೋರಿಸಿದಂತಾದೀತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಹಾನ್ಸ್ ಬೇಟೆ ಎಂಬ ತರುಣ ಭೌತವಿಜ್ಞಾನಿ ಇಲ್ಲಿ ಪಾಠ ಹೇಳುತ್ತಿದ್ದನು. ತಾಯಿ ಯೆಹೂದಿ ಕುಲದವಳೆಂಬ ಕಾರಣದಿಂದ ಅವನನ್ನು ಕೆಲಸದಿಂದ ತೆಗೆಯಲಾಯಿತು. ಅವನು ಅಮೆರಿಕಕ್ಕೆ ಹೋಗಿ ನಕ್ಷತ್ರಗಳು ಉರಿಯುವ ರಹಸ್ಯವನ್ನು ಬಿಡಿಸಿ 1967ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. 1938ರ ನವೆಂಬರ್ 9ರ ರಾತ್ರಿ ಜರ್ಮನಿಯಲ್ಲೆಲ್ಲ ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ ಬೆಂಕಿ ಬಿದ್ದಿತು. 1882ರಲ್ಲಿ ಕಟ್ಟಿದ ಈ ಊರಿನ ಮಂದಿರವೂ ಸುಟ್ಟುಹೋಯಿತು. ಆ ಸ್ಥಳದಲ್ಲಿ ಈಗ ಒಂದು ಸ್ಮಾರಕವಿದೆ. ನಾಲ್ಕೂವರೆ ಶತಮಾನಗಳ ವಿದ್ಯೆ ಆ ರಾತ್ರಿ ಆ ಬೆಂಕಿಯನ್ನು ಆರಿಸಲಾರದೆ ಹೋಯಿತು. ಗಡಿಯಾರವನ್ನೂ ಕೋಟೆಯನ್ನೂ ನೋಡಿದ ಪ್ರವಾಸಿಯು ಆ ಸ್ಥಳದಲ್ಲಿಯೂ ಒಂದು ಗಳಿಗೆ ನಿಲ್ಲಬೇಕು.

ಈಗ ಗೋಪುರದ ಕಥೆ. ಕವಿ ಹೋಲ್ಡರ್ಲಿನ್‌ಗೆ ಚಿತ್ತಭ್ರಮೆಯಾಯಿತು. 1806ರಲ್ಲಿ ಅವನನ್ನು ಈ ಊರಿನ ಚಿಕಿತ್ಸಾಲಯಕ್ಕೆ ಸೇರಿಸಿದರು. ಮರುವರ್ಷ ವೈದ್ಯರು, ಇವನು ಗುಣವಾಗುವವನಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ಹೇಳಿ ಕಳುಹಿಸಿಬಿಟ್ಟರು. ತ್ಸಿಮ್ಮರ್ ಎಂಬ ಒಬ್ಬ ಬಡಗಿ ಆ ಕವಿಯ ಕಾದಂಬರಿಯೊಂದನ್ನು ಓದಿ ಮೆಚ್ಚಿದ್ದನು. ಅವನು ರೋಗಿಯನ್ನು ಮನೆಗೆ ಕರೆತಂದು, ನದಿಯ ಕಡೆಗೆ ಕಿಟಕಿಗಳಿದ್ದ ಗೋಪುರದ ಕೋಣೆಯನ್ನು ಬಿಟ್ಟುಕೊಟ್ಟನು. ಕವಿಯು ಬದುಕಿದ್ದು ಮೂರು ವರ್ಷವಲ್ಲ, 36 ವರ್ಷ. ಬಡಗಿಯು ತೀರಿಕೊಂಡ ಮೇಲೆ ಮಗಳು ಲೊಟ್ಟೆ ಶುಶ್ರೂಷೆಯನ್ನು ಮುಂದುವರಿಸಿದಳು. 1843ರ ಜೂನ್ ತಿಂಗಳಲ್ಲಿ ಅವನು ಅಲ್ಲಿಯೇ ಶಾಂತನಾಗಿ ಕಣ್ಮುಚ್ಚಿದನು. ಊಟ ವಸತಿಯ ವೆಚ್ಚಕ್ಕೆ ಹಣ ಬರುತ್ತಿದ್ದಿತು, ನಿಜ. ಆದರೆ ಮೂವತ್ತಾರು ವರ್ಷಗಳ ತಾಳ್ಮೆಯನ್ನು ಹಣದಿಂದ ಕೊಳ್ಳಲಾಗದು. ಈಗಿರುವ ಗೋಪುರವು 1875ರ ಬೆಂಕಿಯ ತರುವಾಯ ಮತ್ತೆ ಕಟ್ಟಿದ್ದು. ಒಳಗೆ ಕವಿಯ ನೆನಪಿನ ವಸ್ತುಸಂಗ್ರಹಾಲಯವಿದೆ.

ಪಂಡಿತರ ಈ ಊರಿನಲ್ಲಿ ಜನರು ಮೊದಲು ಹುಡುಕಿಕೊಂಡು ಹೋಗುವುದು ಒಬ್ಬ ಬಡಗಿಯ ಮನೆಯನ್ನು. ವಿದ್ಯೆಯಿಂದ ಊರಿಗೆ ಹೆಸರು ಬರುತ್ತದೆ. ಆಸರೆಯಿಲ್ಲದವನಿಗೆ ಬಾಗಿಲು ತೆರೆದವನಿಂದ ಅದಕ್ಕೆ ಮರ್ಯಾದೆ ಬರುತ್ತದೆ. ಎಂದಾದರೊಮ್ಮೆ ಸ್ಟುಟ್‌ಗಾರ್ಟಿಗೆ ಹೋಗುವ ಸಂದರ್ಭ ತಮಗೆ ಒದಗಿದರೆ, ಒಂದು ದಿನವನ್ನು ಈ ಊರಿಗಾಗಿ ಮೀಸಲಿಡಿರೆಂದು ಬಿನ್ನವಿಸಿ ನನ್ನ ಮಾತನ್ನು ಮುಗಿಸುತ್ತೇನೆ.